ಮಲೆನಾಡಿನಿಂದ ಬ್ಯಾಂಕಾಕ್‌ಗೆ: ಗೇ ಪ್ರವಾಸಿಗೆ ರಾತ್ರಿ ಸುತ್ತಾಟ, ಮಸಾಜ್ ಮತ್ತು ದುಡ್ಡಿನ ಲೆಕ್ಕ

ಶಿವಮೊಗ್ಗದಲ್ಲೋ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಇರುವ ಗೇ ಗಂಡಸಿಗೆ ತನ್ನಂಥವರ ಜೊತೆ ಒಂದು ಸಂಜೆ ನೆಮ್ಮದಿಯಾಗಿ ಕೂರಲು ಜಾಗವಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಗಂಡಸರ ನಡುವಿನ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತ ಮೇಲೆ ಕಾನೂನಿನ ಭಯ ಹೋಯಿತು, ಪರಿಚಯದವರ ಕಣ್ಣಿನ ಭಯ ಹೋಗಲಿಲ್ಲ. ಬೆಂಗಳೂರಿನಿಂದ ನಾಲ್ಕು ಗಂಟೆಯ ವಿಮಾನದ ದಾರಿಯಲ್ಲಿ ಬ್ಯಾಂಕಾಕ್ ಇದೆ. ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಇಬ್ಬರು ಗಂಡಸರು ಕಾನೂನುಬದ್ಧವಾಗಿ ಮದುವೆಯಾಗಬಹುದು. ಆಗ್ನೇಯ ಏಷ್ಯಾದಲ್ಲಿ ಇದನ್ನು ಮೊದಲು ಒಪ್ಪಿದ ದೇಶ ಅದು.

ಅಲ್ಲಿಗೆ ಹೋದವರು ಮೋಸ ಹೋದ ಕಥೆಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲಿಗೆ ಕಾರಣ ಒಂದೇ: ದರ ಎಷ್ಟು, ಎಷ್ಟು ಹೊತ್ತು, ಅದರಲ್ಲಿ ಏನೇನು ಸೇರಿದೆ ಎಂದು ಬಾಗಿಲಲ್ಲಿ ಕೇಳದೆ ಒಳಗೆ ಹೋಗುವುದು. ದುಡ್ಡಿನ ಮಾತನ್ನು ಮೊದಲೇ ಎತ್ತಲು ನಮ್ಮ ಕಡೆಯವರಿಗೆ ಸಂಕೋಚ. ಬ್ಯಾಂಕಾಕಿನಲ್ಲಿ ಮೊದಲೇ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆಮೇಲೆ ತಗಾದೆ ತೆಗೆದರೆ ಮಾತ್ರ ಎಲ್ಲರಿಗೂ ಕಷ್ಟ.

ಹೊರಡುವ ಮೊದಲಿನ ಕಾಗದಪತ್ರ

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೇ ಓಡಬೇಕಿಲ್ಲ, ಶಿವಮೊಗ್ಗದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಆಗುತ್ತದೆ. ಪೊಲೀಸ್ ಪರಿಶೀಲನೆಗೆ ಊರಿನ ಠಾಣೆಯಿಂದ ಮನೆಗೆ ಬರುತ್ತಾರೆ ಅಥವಾ ಠಾಣೆಗೆ ಕರೆಯುತ್ತಾರೆ. ಪಾಸ್‌ಪೋರ್ಟ್ ಮಾಡಿಸುವುದಕ್ಕೆ ಯಾರಿಗೂ ಕಾರಣ ಹೇಳಬೇಕಿಲ್ಲವಾದ್ದರಿಂದ ಆ ಬಗ್ಗೆ ಚಿಂತೆ ಬೇಡ. ಆದರೆ ಪ್ರಯಾಣಕ್ಕೆ ಎರಡು ಮೂರು ತಿಂಗಳು ಮೊದಲೇ ಮುಗಿಸಿಕೊಳ್ಳಿ. ಈಗಾಗಲೇ ಇದ್ದರೆ, ಅಲ್ಲಿಗೆ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿದೆಯೇ ನೋಡಿ.

ವೀಸಾ: 2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟರು. ಈ ನಿಯಮವನ್ನು ಅವರು ಆಗಾಗ ತಿದ್ದುತ್ತಾರೆ. ಟಿಕೆಟ್‌ಗೆ ದುಡ್ಡು ಕಟ್ಟುವ ದಿನವೇ ಥಾಯ್ ರಾಯಭಾರ ಕಚೇರಿಯ ಜಾಲತಾಣ ತೆರೆದು ನೋಡಿ, ಏಜೆಂಟರ ಮಾತಿನ ಮೇಲೆ ಹೋಗಬೇಡಿ.

ವೀಸಾ ಬೇಕಿರಲಿ ಬಿಡಲಿ, 2025ರ ಮೇ 1ರಿಂದ ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯುವುದಕ್ಕೆ ಮೂರು ದಿನ ಮುಂಚಿನಿಂದ ತುಂಬಬಹುದು, ಒಂದು ರೂಪಾಯಿ ಖರ್ಚಿಲ್ಲ. ಇಲ್ಲೇ ಮೊದಲ ಮೋಸ ಕಾದಿರುತ್ತದೆ: ಗೂಗಲ್‌ನಲ್ಲಿ ಹುಡುಕಿದರೆ ಮೇಲ್ಗಡೆ ಬರುವ ಕೆಲವು ತಾಣಗಳು ಸರ್ಕಾರಿ ತಾಣದಂತೆಯೇ ಕಾಣುತ್ತವೆ ಮತ್ತು ದುಡ್ಡು ಕೇಳುತ್ತವೆ. ಅಸಲಿ ತಾಣ ಥಾಯ್ ಇಮಿಗ್ರೇಷನ್ ಇಲಾಖೆಯದ್ದು, ಅದರ ವಿಳಾಸ ‘ಗೋ ಡಾಟ್ ಟಿಎಚ್’ ಎಂದು ಮುಗಿಯುತ್ತದೆ. ತುಂಬಿದ ಮೇಲೆ ಬರುವ ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇಮಿಗ್ರೇಷನ್ ಕೌಂಟರಿನಲ್ಲಿ ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಮತ್ತು ಖರ್ಚಿಗೆ ದುಡ್ಡು ತೋರಿಸಿ ಎಂದು ಕೇಳಬಹುದು. ಒಬ್ಬರಿಗೆ 20,000 ಬಾತ್‌ನಷ್ಟು ತೋರಿಸುವಂತಿದ್ದರೆ ಸಾಕು. ಒಂಟಿಯಾಗಿ ಬರುವ ಭಾರತೀಯ ಗಂಡಸರನ್ನು ಸ್ವಲ್ಪ ಹೆಚ್ಚೇ ಕೇಳುತ್ತಾರೆ. ‘ಟೂರಿಸಂ, ಐದು ದಿನ, ಇಂಥ ಹೋಟೆಲ್’ ಎಂದು ಚುಟುಕಾಗಿ ಉತ್ತರಿಸಿ.

ಕಾಲ: ನವೆಂಬರ್‌ನಿಂದ ಫೆಬ್ರುವರಿ ಹಿತವಾದ ಹವೆ, ಆದರೆ ಅದೇ ನಮ್ಮಲ್ಲಿ ಅಡಿಕೆ ಕೊಯ್ಲು. ತೋಟದ ಕೆಲಸವಿರುವವರಿಗೆ ಮಾರ್ಚ್ ಮೊದಲ ವಾರ ಸರಿಹೋಗುತ್ತದೆ. ಏಪ್ರಿಲ್ 13ರಿಂದ 15 ಸೋಂಗ್‌ಕ್ರಾನ್, ಅಂದರೆ ನೀರಾಟದ ಹೊಸವರ್ಷ. ಆಗ ಗೇ ಬಾರುಗಳಿರುವ ಸೀಲೋಮ್ ರಸ್ತೆ ಪೂರ್ತಿ ಜನ, ಗೇ ಪಾರ್ಟಿಗಳೂ ದೊಡ್ಡವು, ಹೋಟೆಲ್ ದರವೂ ದೊಡ್ಡದು. ಜೂನ್‌ನಲ್ಲಿ ಪ್ರೈಡ್ ಮೆರವಣಿಗೆ ನಡೆಯುತ್ತದೆ. ಮಳೆಗಾಲದಲ್ಲಿ ಹೋದರೂ ಆಗುಂಬೆಯ ಮಳೆ ಕಂಡವರಿಗೆ ಅಲ್ಲಿನ ಮಳೆ ಲೆಕ್ಕಕ್ಕಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಲ್ಲಿಗಳಲ್ಲಿ ನೀರು ನಿಲ್ಲುತ್ತದೆ ಅಷ್ಟೆ.

ದುಡ್ಡು: ಊರಲ್ಲೇ ಮುಗಿಸಬೇಕಾದ ಕೆಲಸ

ಲೆಕ್ಕಕ್ಕೆ ಒಂದು ಬಾತ್ ಎಂದರೆ ಮೂರು ರೂಪಾಯಿ ಎಂದೇ ಇಟ್ಟುಕೊಳ್ಳಿ. ನಿಜವಾದ ದರ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುತ್ತದೆ, ಆ ವ್ಯತ್ಯಾಸ ನಿಮ್ಮ ಉಳಿತಾಯ.

ಮೊದಲು ಖಾತೆ. ಮನೆಯ ದುಡ್ಡು ಅಪ್ಪ ಅಥವಾ ಅಣ್ಣನ ಜೊತೆಗಿನ ಜಂಟಿ ಖಾತೆಯಲ್ಲಿರುವುದು ಮಲೆನಾಡಿನಲ್ಲಿ ಸಾಮಾನ್ಯ. ಬ್ಯಾಂಕಾಕಿನ ಬಾರಿನಲ್ಲಿ ಕಾರ್ಡ್ ಉಜ್ಜಿದರೆ ಆ ಬಾರಿನ ಹೆಸರಿನ ಸಮೇತ ಮೆಸೇಜ್ ಮನೆಯ ಮೊಬೈಲಿಗೆ ಬರುತ್ತದೆ. ಆದ್ದರಿಂದ ನಿಮ್ಮೊಬ್ಬರದೇ ಹೆಸರಿನ, ನಿಮ್ಮದೇ ನಂಬರಿಗೆ ಜೋಡಿಸಿದ ಖಾತೆ ಇಟ್ಟುಕೊಂಡು, ಪ್ರವಾಸದ ದುಡ್ಡನ್ನು ತಿಂಗಳ ಮೊದಲೇ ಅಲ್ಲಿಗೆ ಹಾಕಿಕೊಳ್ಳಿ.

ಆಮೇಲೆ ಕಾರ್ಡ್. ದೇಶದೊಳಗೆ ಮಾತ್ರ ನಡೆಯುವ ರುಪೇ ಕಾರ್ಡ್ ಅಲ್ಲಿ ಕೆಲಸಕ್ಕೆ ಬಾರದು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ‘ಇಂಟರ್‌ನ್ಯಾಷನಲ್’ ಎಂಬಲ್ಲಿ ಎಟಿಎಂ, ಅಂಗಡಿ, ಆನ್‌ಲೈನ್ ಮೂರನ್ನೂ ಬೇರೆ ಬೇರೆಯಾಗಿ ತೆರೆಯಬೇಕು, ದಿನದ ಮಿತಿಯನ್ನೂ ನೀವೇ ಇಡಬೇಕು. ಇದನ್ನು ಮರೆತು ಅಲ್ಲಿಗೆ ಹೋಗಿ, ಒಟಿಪಿ ಬಾರದೆ ಪರದಾಡುವವರು ಬಹಳ. ಒಟಿಪಿಗಾಗಿ ಊರಿನ ಸಿಮ್‌ನಲ್ಲಿ ರೋಮಿಂಗ್ ತೆರೆದಿಡಿ. ಡೇಟಾ ಬಂದ್ ಮಾಡಿ, ಮೆಸೇಜ್ ಬಂದರೆ ಸಾಕು. ಇಂಟರ್‌ನೆಟ್‌ಗೆ ಅಲ್ಲಿನ ಟೂರಿಸ್ಟ್ ಸಿಮ್ ಅಥವಾ ಇ-ಸಿಮ್ ಅಗ್ಗ.

ಸಾಮಾನ್ಯ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ವಹಿವಾಟಿಗೆ ಶೇ. 3.5ರಷ್ಟು ಮಾರ್ಕಪ್ (ಬ್ಯಾಂಕಿನ ಹೆಚ್ಚುವರಿ ಶುಲ್ಕ), ಅದರ ಮೇಲೆ ಜಿಎಸ್‌ಟಿ ಬೀಳುವುದುಂಟು. ಮಾರ್ಕಪ್ ಇಲ್ಲದ ಕಾರ್ಡ್ ಅಥವಾ ಫಾರೆಕ್ಸ್ ಕಾರ್ಡ್ ಸಿಕ್ಕರೆ ಅದನ್ನೇ ಬಳಸಿ. ಯುಪಿಐ ನಂಬಿಕೊಂಡು ಹೋಗಬೇಡಿ. ಅಲ್ಲಿ ಎಲ್ಲೆಲ್ಲೂ ಕಾಣುವ ಕ್ಯೂಆರ್ ಅವರದೇ ಪಾವತಿ ವ್ಯವಸ್ಥೆಯಾದ ಪ್ರಾಂಪ್ಟ್‌ಪೇ.

ನಗದು: ರೂಪಾಯಿ ನೋಟನ್ನು 25,000ದವರೆಗೆ ಮಾತ್ರ ದೇಶದಿಂದ ಒಯ್ಯಬಹುದು, ವಿದೇಶಿ ನೋಟಾದರೆ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ. ಊರಿನ ಬ್ಯಾಂಕ್ ಶಾಖೆಗೆ ಹೋಗಿ ಡಾಲರ್ ಕೇಳಿದರೆ ಮ್ಯಾನೇಜರಿಂದ ಹಿಡಿದು ಪಕ್ಕದಲ್ಲಿ ಪಾಸ್‌ಬುಕ್ ಹಿಡಿದು ನಿಂತವರವರೆಗೂ ‘ಎಲ್ಲಿಗೆ ಹೊರಟ್ರಿ?’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಪರವಾನಗಿ ಇರುವ ಹಣ ವಿನಿಮಯ ಅಂಗಡಿಯಲ್ಲಿ ತೆಗೆದುಕೊಂಡು ರಸೀದಿ ಇಟ್ಟುಕೊಳ್ಳಿ. 100 ಡಾಲರಿನ ಹೊಸ, ಮಡಿಕೆಯಿಲ್ಲದ, ಗೀಚಿಲ್ಲದ ನೋಟು ಕೇಳಿ ಪಡೆಯಿರಿ. ಬ್ಯಾಂಕಾಕಿನಲ್ಲಿ ಅದಕ್ಕೆ ಸಿಗುವ ದರ ಚಿಕ್ಕ ನೋಟಿಗೆ ಸಿಗದು.

ದುಡ್ಡು: ಅಲ್ಲಿ ಇಳಿದ ಮೇಲೆ

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆದುಕೊಂಡು ಹೊರಬಂದ ಕೂಡಲೇ ಕಾಣುವ ಬ್ಯಾಂಕ್ ಕೌಂಟರುಗಳ ದರ ಕೆಟ್ಟದಾಗಿರುತ್ತದೆ. ಎಸ್ಕಲೇಟರ್ ಇಳಿದು ಏರ್‌ಪೋರ್ಟ್ ರೈಲ್ ಲಿಂಕ್ ಇರುವ ನೆಲಮಾಳಿಗೆಗೆ ಹೋಗಿ. ಅಲ್ಲಿ ಸೂಪರ್‌ರಿಚ್ ಮೊದಲಾದ ಖಾಸಗಿ ವಿನಿಮಯ ಅಂಗಡಿಗಳ ಸಾಲಿದೆ, ನಗರದ ದರಕ್ಕೆ ಹತ್ತಿರವೇ ಕೊಡುತ್ತಾರೆ. ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ದುಡ್ಡನ್ನು ಕೌಂಟರ್ ಬಿಡುವ ಮೊದಲೇ ಎಣಿಸಿ.

ಎಟಿಎಂ ಬಳಸುವುದಾದರೆ ಪರದೆಯಲ್ಲಿ ಏನು ಬರುತ್ತದೆ ಎಂಬುದು ತಿಳಿದಿರಲಿ. ಕಾರ್ಡ್ ಹಾಕಿ ಪಿನ್ ಒತ್ತಿ ಮೊತ್ತ ಹೇಳಿದ ಮೇಲೆ, ವಿದೇಶಿ ಕಾರ್ಡಿಗೆ 220 ಅಥವಾ 250 ಬಾತ್ ಶುಲ್ಕ ಎಂಬ ಸೂಚನೆ ಬರುತ್ತದೆ. ಇದನ್ನು ತಪ್ಪಿಸಲಾಗದು, ಒಪ್ಪಿ. ಮುಂದಿನ ಪರದೆಯಲ್ಲಿ ಅದೇ ಮೊತ್ತ ರೂಪಾಯಿಯಲ್ಲಿ ಕಾಣಿಸುತ್ತದೆ, ಕೆಳಗೆ ಎರಡು ಗುಂಡಿ: ‘ಕನ್ವರ್ಷನ್ ಸಹಿತ’, ‘ಕನ್ವರ್ಷನ್ ಇಲ್ಲದೆ’. ರೂಪಾಯಿ ಅಂಕಿ ಕಂಡ ತಕ್ಷಣ ಪರಿಚಿತವೆನಿಸಿ ಮೊದಲನೆಯದನ್ನು ಒತ್ತಿಬಿಟ್ಟರೆ ಶೇ. 5ರಷ್ಟೋ ಅದಕ್ಕಿಂತ ಹೆಚ್ಚೋ ಹೋಯಿತು, ಯಾಕೆಂದರೆ ಆ ದರ ಎಟಿಎಂ ನಡೆಸುವವರು ತಾವೇ ಇಟ್ಟುಕೊಂಡದ್ದು. ಎರಡನೆಯದನ್ನೇ ಒತ್ತಿ. ‘ಡಿಕ್ಲೈನ್’ ಎಂಬ ಪದ ಕಂಡು ವಹಿವಾಟೇ ರದ್ದಾಗುತ್ತದೆ ಎಂದು ಹೆದರಬೇಡಿ, ದುಡ್ಡು ಬರುತ್ತದೆ. ಅಂಗಡಿಯ ಕಾರ್ಡ್ ಮಷೀನಿನಲ್ಲೂ ಇದೇ ಪ್ರಶ್ನೆ ಬಂದರೆ ಬಾತ್‌ನಲ್ಲೇ ಕೊಡುತ್ತೇನೆ ಎನ್ನಿ.

ಶುಲ್ಕ ಪ್ರತಿ ಸಲಕ್ಕೂ ಒಂದೇ ಆದ್ದರಿಂದ ಚೂರು ಚೂರು ತೆಗೆದರೆ ಕೈ ಕಚ್ಚುತ್ತದೆ. 2,000 ಬಾತ್ ತೆಗೆದು 250 ಕೊಟ್ಟರೆ ಶೇ. 12.5 ಹೋಯಿತು. 20,000 ತೆಗೆದರೆ ಶೇ. 1.25 ಮಾತ್ರ. ಇನ್ನೊಂದು: ಕೆಲವು ಮಷೀನುಗಳಲ್ಲಿ ಮೊದಲು ನೋಟು ಬರುತ್ತದೆ, ಆಮೇಲೆ ಕಾರ್ಡ್. ನಮ್ಮ ಅಭ್ಯಾಸದಲ್ಲಿ ನೋಟು ಬಂದ ಮೇಲೆ ನಡೆದುಬಿಡುತ್ತೇವೆ, ಕಾರ್ಡ್ ಅಲ್ಲೇ ನುಂಗಿಹೋಗುತ್ತದೆ.

ರಾತ್ರಿಗೆ ಹೊರಡುವಾಗ ಆ ರಾತ್ರಿಯ ದುಡ್ಡು ಮಾತ್ರ ಜೇಬಲ್ಲಿರಲಿ. 1,500ರಿಂದ 2,000 ಬಾತ್ ಸಾಕು, ಅದರಲ್ಲಿ ನೂರರ ನೋಟು ಹತ್ತಾದರೂ ಇರಲಿ. ಸಾವಿರದ ನೋಟು ಕೊಟ್ಟರೆ ಟ್ಯಾಕ್ಸಿಯವರು ಚಿಲ್ಲರೆ ಇಲ್ಲ ಎನ್ನುತ್ತಾರೆ, ಅದನ್ನು ಸಂಜೆಯೇ ಸೆವೆನ್-ಇಲೆವೆನ್‌ನಲ್ಲಿ ಒಂದು ನೀರಿನ ಬಾಟಲಿ ಕೊಂಡು ಮುರಿಸಿ. 500ರ ಒಂದು ನೋಟು ಮೊಬೈಲ್ ಕವರಿನ ಹಿಂದೆ, ಮರಳಿ ಬರುವ ಟ್ಯಾಕ್ಸಿಗೆ. ಪಾಸ್‌ಪೋರ್ಟ್, ಎರಡನೇ ಕಾರ್ಡ್, ಉಳಿದ ನಗದು ಕೋಣೆಯ ಲಾಕರಿನಲ್ಲಿ.

ಒಟ್ಟು ಖರ್ಚಿನ ಅಂದಾಜು: ಮಧ್ಯಮ ದರ್ಜೆಯ ಹೋಟೆಲ್ ರಾತ್ರಿಗೆ 1,200ರಿಂದ 2,000 ಬಾತ್, ರಸ್ತೆ ಬದಿಯ ಊಟ 60ರಿಂದ 100, ಬಾರಿನಲ್ಲಿ ಬಿಯರ್ 120ರಿಂದ 200, ಸಾಮಾನ್ಯ ಮಸಾಜ್ ಗಂಟೆಗೆ 300ರ ಆಸುಪಾಸು. ಹೋಟೆಲ್ ಸೇರಿ ದಿನಕ್ಕೆ 3,000 ಬಾತ್ ಇದ್ದರೆ ಕೈ ಬಿಗಿಹಿಡಿಯದೆ ಓಡಾಡಬಹುದು.

ಎಲ್ಲಿ ಉಳಿಯುವುದು

ಸೀಲೋಮ್ ಅಥವಾ ಸುರವೋಂಗ್ ರಸ್ತೆಯ ಸುತ್ತಮುತ್ತ, ಸಾಲಾ ಡೇಂಗ್ ಸ್ಕೈಟ್ರೇನ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ. ಕಾರಣ ಸರಳ: ರೈಲುಗಳು ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತವೆ, ಕ್ಲಬ್ಬುಗಳು ರಂಗೇರುವುದು ಆಗಲೇ. ನಡೆದು ಕೋಣೆ ಸೇರುವಂತಿದ್ದರೆ ಅರ್ಧ ತಾಪತ್ರಯ ಕಳೆಯಿತು.

ಇನ್ನೊಂದು ಕಾರಣ ನಮ್ಮ ಊರಿನದು. ಗೊಬ್ಬರದಂಗಡಿ, ಸಿಮೆಂಟ್, ಪೈಪ್ ಕಂಪನಿಗಳ ಡೀಲರ್ ಟೂರ್‌ಗಳಲ್ಲಿ ಬರುವ ನಮ್ಮ ಜಿಲ್ಲೆಯವರು ಹೆಚ್ಚಾಗಿ ಪಟ್ಟಾಯ, ಪ್ರತುನಾಮ್, ನಾನಾ ಕಡೆ ಭಾರತೀಯ ಹೋಟೆಲುಗಳ ಹತ್ತಿರ ಉಳಿಯುತ್ತಾರೆ. ಗುರುತಿನವರ ಕಣ್ಣಿಗೆ ಬೀಳಬಾರದು ಎಂದಿದ್ದರೆ ಆ ಮೂರು ಜಾಗ ಬಿಡಿ. ಪಾಟ್‌ಪೋಂಗ್ ರಾತ್ರಿ ಸಂತೆಯನ್ನು ನೋಡಲು ಅವರೂ ಬರುತ್ತಾರೆ, ಅಲ್ಲಿ ಎಚ್ಚರವಿರಲಿ.

ಇಬ್ಬರು ಗಂಡಸರು ಒಂದು ಹಾಸಿಗೆಯ ಕೋಣೆ ಕೇಳಿದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಇಬ್ಬರ ಹೆಸರನ್ನೂ ಬುಕಿಂಗ್‌ನಲ್ಲಿ ಹಾಕಿಸಿ. ಒಬ್ಬರೇ ಹೋಗಿ ಅತಿಥಿಯನ್ನು ಕರೆತರುವ ಸಂದರ್ಭವಿದ್ದರೆ, ‘ಜಾಯ್ನರ್ ಫೀ ಇದೆಯಾ?’ ಎಂದು ಬುಕ್ ಮಾಡುವಾಗಲೇ ಕೇಳಿ. ಕೆಲವು ಹೋಟೆಲುಗಳು ಹೆಚ್ಚುವರಿ ಹಣ ಪಡೆಯುತ್ತವೆ, ಹಲವು ಪಡೆಯುವುದಿಲ್ಲ. ರಿಸೆಪ್ಷನ್‌ನಲ್ಲಿ ಅತಿಥಿಯ ಗುರುತಿನ ಚೀಟಿ ಇಸಿದುಕೊಳ್ಳುವ ಹೋಟೆಲನ್ನೇ ಆರಿಸಿ. ಅದು ಅವಮಾನವಲ್ಲ, ನಿಮ್ಮ ರಕ್ಷಣೆ: ಬಂದವರ ವಯಸ್ಸು ಖಾತ್ರಿಯಾಗುತ್ತದೆ, ಬೆಳಿಗ್ಗೆ ಅವರು ಹೊರಡುವಾಗ ಸಿಬ್ಬಂದಿ ನಿಮಗೆ ಫೋನ್ ಮಾಡಿ ‘ಎಲ್ಲ ಸರಿಯಿದೆಯಾ’ ಎಂದು ಕೇಳಿದ ಮೇಲೆಯೇ ಚೀಟಿ ಮರಳಿಸುತ್ತಾರೆ.

ಸುವರ್ಣಭೂಮಿಯಿಂದ ಬರಲು ಏರ್‌ಪೋರ್ಟ್ ರೈಲ್ ಲಿಂಕ್‌ನಲ್ಲಿ 45 ಬಾತ್‌ಗೆ ಕೊನೆಯ ನಿಲ್ದಾಣ ಫಯಾ ಥಾಯ್, ಅಲ್ಲಿಂದ ಸ್ಕೈಟ್ರೇನ್ ಹಿಡಿದು ಸಿಯಾಮ್‌ನಲ್ಲಿ ಬದಲಿಸಿ ಸಾಲಾ ಡೇಂಗ್. ನಡುರಾತ್ರಿ ಇಳಿದರೆ ಮೀಟರ್ ಟ್ಯಾಕ್ಸಿ: ಮೀಟರ್ ಮೊತ್ತ, 50 ಬಾತ್ ನಿಲ್ದಾಣ ಶುಲ್ಕ, ಟೋಲ್ ಮೂರೂ ನಿಮ್ಮದೇ. ಏರ್‌ಏಷ್ಯಾ, ಥಾಯ್ ಲಯನ್ ವಿಮಾನಗಳು ಡಾನ್ ಮುವಾಂಗ್‌ಗೆ ಇಳಿಯುತ್ತವೆ, ಅದು ಬೇರೆಯೇ ದಿಕ್ಕು. ಟಿಕೆಟ್‌ನಲ್ಲಿ ಯಾವ ನಿಲ್ದಾಣ ಎಂದು ನೋಡಿಯೇ ಹೋಟೆಲಿನವರಿಗೆ ಸಮಯ ಹೇಳಿ.

ಸಸ್ಯಾಹಾರಿಗಳಿಗೆ ಒಂದು ಸಾಲು: ಅಲ್ಲಿ ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ‘ಜೇ’ ಎಂದು ಹೇಳಿ, ಅಥವಾ ಸೀಲೋಮ್ ರಸ್ತೆಯ ಮಾರಿಯಮ್ಮನ್ ದೇವಸ್ಥಾನದ ಸುತ್ತ ಇರುವ ದಕ್ಷಿಣ ಭಾರತದ ಹೋಟೆಲುಗಳಿಗೆ ಹೋಗಿ.

ರಾತ್ರಿಯ ಸುತ್ತಾಟ

ಮೊದಲ ರಾತ್ರಿಗೆ ಸೀಲೋಮ್ ಸೋಯ್ 4. ಸೋಯ್ ಎಂದರೆ ಗಲ್ಲಿ. ಎರಡೂ ಬದಿ ಬಾರುಗಳು ಹೊರಗೇ ಮೇಜು ಹಾಕಿರುತ್ತವೆ. ಟೆಲಿಫೋನ್ ಪಬ್ 1987ರಿಂದ ಅಲ್ಲಿದೆ, ಎದುರಿಗೇ ಬಾಲ್ಕನಿ, ಡ್ರ್ಯಾಗ್ (ಗಂಡಸರು ಹೆಣ್ಣಿನ ವೇಷದಲ್ಲಿ ಕೊಡುವ) ಪ್ರದರ್ಶನಕ್ಕೆ ಸ್ಟ್ರೇಂಜರ್. ಪ್ರವೇಶ ಶುಲ್ಕವಿಲ್ಲ. ಎಂಟು ಗಂಟೆಯ ಸುಮಾರಿಗೆ ಹೋಗಿ ಒಂದು ಬಿಯರೋ ನಿಂಬೆ ಸೋಡಾವೋ ಹಿಡಿದು ಕೂತರೆ, ಕೈ ಕೈ ಹಿಡಿದು ನಡೆಯುವ ಗಂಡಸರು ಯಾವ ಅಂಜಿಕೆಯೂ ಇಲ್ಲದೆ ಮುಂದೆ ಹಾದುಹೋಗುತ್ತಾರೆ. ಮೊದಲ ಸಲ ಬಂದವರಿಗೆ ಅಷ್ಟೇ ಸಾಕಾಗುವುದುಂಟು. ಅವಸರ ಬೇಡ, ಕುಡಿಯಲೇಬೇಕೆಂದೂ ಇಲ್ಲ.

ಇಲ್ಲಿ ಬಿಲ್ಲಿನ ಪದ್ಧತಿ ತಿಳಿದಿರಲಿ. ಪ್ರತಿ ಸಲ ಏನಾದರೂ ತಂದಾಗ ಒಂದು ಚೀಟಿಯನ್ನು ಮೇಜಿನ ಮೇಲಿನ ಪುಟ್ಟ ಲೋಟದಲ್ಲಿ ಸುರುಳಿ ಸುತ್ತಿ ಇಡುತ್ತಾರೆ. ಹೊಸ ಚೀಟಿ ಬಂದಾಗಲೆಲ್ಲ ಬಿಡಿಸಿ ನೋಡಿ. ನಿಮ್ಮ ಪಕ್ಕ ಕೂತವರು ತಮಗೊಂದು ಹೇಳಿಕೊಂಡಿದ್ದರೆ ಆಗಲೇ ಗೊತ್ತಾಗುತ್ತದೆ, ಕೊನೆಯಲ್ಲಿ ನಾಲ್ಕು ಚೀಟಿ ಹಿಡಿದು ವಾದಿಸುವ ಪಾಡು ಇರದು. ಹೊರಡುವಾಗ ‘ಚೆಕ್ ಬಿನ್ ಖ್ರಾಪ್’ ಎನ್ನಿ. ಗಂಡಸರು ಮಾತಿನ ಕೊನೆಗೆ ಸೇರಿಸುವ ‘ಖ್ರಾಪ್’ ನಮ್ಮ ‘ರೀ’ ಇದ್ದ ಹಾಗೆ, ಮಾತಿಗೆ ಮರ್ಯಾದೆ ತರುತ್ತದೆ. ಮೆನುವಿನಲ್ಲಿ ದರದ ಮುಂದೆ ಎರಡು ಕೂಡುವ ಚಿಹ್ನೆ ಇದ್ದರೆ ಶೇ. 10 ಸೇವಾ ಶುಲ್ಕ, ಶೇ. 7 ತೆರಿಗೆ ಬೇರೆ ಎಂದರ್ಥ.

ಹನ್ನೊಂದರ ನಂತರ ಸೋಯ್ 2. ಗಲ್ಲಿಯ ಬಾಯಲ್ಲೇ ತಪಾಸಣೆ. ಒಳಗಿರುವ ಡಿಜೆ ಸ್ಟೇಷನ್ ದಶಕಗಳಿಂದ ಬ್ಯಾಂಕಾಕಿನ ಮುಖ್ಯ ಗೇ ಡಿಸ್ಕೋ. ಪ್ರವೇಶ ಶುಲ್ಕದಲ್ಲಿ ಡ್ರಿಂಕ್ ಕೂಪನ್ ಸೇರಿರುತ್ತದೆ, ಶುಕ್ರವಾರ ಶನಿವಾರ ದರ ಹೆಚ್ಚು. 20 ವರ್ಷ ತುಂಬದವರಿಗೆ ಕಾನೂನಿನಂತೆ ಪ್ರವೇಶವಿಲ್ಲ, ತಲೆ ನರೆತವರಿಗೂ ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟಿನ ಫೋಟೋ ಪುಟದ ಮತ್ತು ಪ್ರವೇಶ ಮುದ್ರೆಯ ಪುಟದ ಜೆರಾಕ್ಸ್ ಜೇಬಲ್ಲಿರಲಿ, ಮೊಬೈಲಿನಲ್ಲೂ ಇರಲಿ. ಆಧಾರ್ ಕಾರ್ಡ್ ಅಲ್ಲಿ ನಡೆಯದು. ಹವಾಯಿ ಚಪ್ಪಲಿ ಬೇಡ. ಡ್ರ್ಯಾಗ್ ಕಲಾವಿದರಿಗೆ ಕೊಡಲು 20, 50, 100ರ ನೋಟು ಇಟ್ಟುಕೊಳ್ಳಿ, ಮತ್ತು ಕೈಗೇ ಕೊಡಿ, ಎಸೆಯಬೇಡಿ. ನೋಟಿನ ಮೇಲೆ ಅಲ್ಲಿನ ರಾಜರ ಚಿತ್ರವಿದೆ. ಬಿದ್ದ ನೋಟನ್ನು ಕಾಲಲ್ಲಿ ಒತ್ತಿ ಹಿಡಿಯುವುದು ದೊಡ್ಡ ಅಪಚಾರ, ರಾಜಮನೆತನದ ಅವಹೇಳನಕ್ಕೆ ಅಲ್ಲಿ ಜೈಲು ಶಿಕ್ಷೆಯಿದೆ.

ಪಾಟ್‌ಪೋಂಗ್ ಸುತ್ತ ಗಂಡಸರು ಕುಣಿಯುವ ಶೋ ಬಾರುಗಳಿವೆ. ಮೊದಲು ಸೋಯ್ ಟ್ವಿಲೈಟ್ ಎಂಬ ಗಲ್ಲಿಯಲ್ಲಿದ್ದವು, 2019ರಲ್ಲಿ ಆ ಗಲ್ಲಿ ಮುಚ್ಚಿದ ಮೇಲೆ ಕೆಲವು ಇಲ್ಲಿಗೆ ಬಂದವು. ಹಳೆಯ ಮಾಹಿತಿ ಓದಿ ಟ್ವಿಲೈಟ್ ಹುಡುಕಬೇಡಿ. ಬಾಗಿಲಲ್ಲಿ ಮೂರು ಪ್ರಶ್ನೆ ಬಾಯಿಬಿಟ್ಟು ಕೇಳಿ: ಮೊದಲ ಡ್ರಿಂಕ್ ಎಷ್ಟು? ಶೋಗೆ ಬೇರೆ ದುಡ್ಡಿದೆಯಾ? ಪಕ್ಕ ಕೂರುವವರ ಡ್ರಿಂಕ್ ಎಷ್ಟು? ಉತ್ತರವನ್ನು ಮೆನು ಕಾರ್ಡಿನಲ್ಲಿ ತೋರಿಸಿ ಎನ್ನಿ. ರಸ್ತೆಯಲ್ಲಿ ಲ್ಯಾಮಿನೇಟ್ ಮಾಡಿದ ಹಾಳೆ ಹಿಡಿದು ‘ಅಪ್‌ಸ್ಟೇರ್ಸ್, ಒನ್ ಬಿಯರ್ ಹಂಡ್ರೆಡ್’ ಎನ್ನುವವರ ಹಿಂದೆ ಮಹಡಿ ಹತ್ತಲೇಬೇಡಿ. ನೂರರ ಬಿಯರಿಗೆ ಸಾವಿರಗಳ ಬಿಲ್, ಬಾಗಿಲಿಗೆ ಅಡ್ಡ ನಿಂತ ಗಟ್ಟಿ ಆಳುಗಳು, ಇದು ಅಲ್ಲಿನ ಹಳೆಯ ದಂಧೆ. ಸಿಕ್ಕಿಬಿದ್ದರೆ ಕೈ ಎತ್ತಬೇಡಿ, ಕೂಗಾಡಬೇಡಿ. ಟೂರಿಸ್ಟ್ ಪೊಲೀಸ್ 1155ಕ್ಕೆ ಅವರ ಮುಂದೆಯೇ ಫೋನ್ ಮಾಡಿ, ಹೆಚ್ಚಿನ ಸಲ ಅಲ್ಲಿಗೇ ಮೊತ್ತ ಇಳಿಯುತ್ತದೆ.

ಒಂದು ಕಹಿ ವಿಷಯವನ್ನೂ ಹೇಳಬೇಕು. ಕೆಲವು ಶೋ ಬಾರು, ಮಸಾಜ್ ಮನೆಗಳಲ್ಲಿ, ಆ್ಯಪ್ ಪ್ರೊಫೈಲುಗಳಲ್ಲಿ ಭಾರತೀಯರು ಬೇಡ ಎನ್ನುವವರಿದ್ದಾರೆ. ಅದು ಜನಾಂಗದ ತಾರತಮ್ಯವೇ, ಬೇರೆ ಹೆಸರಿಲ್ಲ. ಗುಂಪಾಗಿ ಬಂದು ಒಂದು ಡ್ರಿಂಕ್ ಹಂಚಿಕೊಂಡು ಕೂರುವುದು, ಕೇಳದೆ ಮೈ ಮುಟ್ಟುವುದು, ವಿಡಿಯೊ ಮಾಡುವುದು ಇವೆಲ್ಲ ಆ ಪೂರ್ವಗ್ರಹಕ್ಕೆ ನೆಪ ಕೊಡುತ್ತವೆ, ಆದರೆ ನೀವು ಹಾಗೆ ಮಾಡದಿದ್ದರೂ ಅದರ ಬಿಸಿ ತಟ್ಟಬಹುದು. ಅಂಥ ಕಡೆ ವಾದಕ್ಕೆ ನಿಲ್ಲದೆ ಮುಂದಿನ ಬಾಗಿಲಿಗೆ ಹೋಗಿ. ಸೋಯ್ 4ರ ಬಾರುಗಳಲ್ಲಿ ಎಲ್ಲ ದೇಶದವರೂ ಕಲೆಯುವುದರಿಂದ ಇದರ ಕಾಟ ಕಡಿಮೆ.

ವಾಪಸ್ ಹೋಗಲು ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್. ತಡರಾತ್ರಿ ಸೀಲೋಮ್‌ನಲ್ಲಿ ನಿಂತ ಟ್ಯಾಕ್ಸಿಗಳು ಮೀಟರ್ ಹಾಕುವುದಿಲ್ಲ. ಟುಕ್‌ಟುಕ್ ಹತ್ತುವುದಾದರೆ ದರ ಹತ್ತುವ ಮೊದಲೇ.

ಮಸಾಜ್: ಮೂರು ಬಗೆ, ಮೂರು ನಡವಳಿಕೆ

ಹೆಚ್ಚು ಗೊಂದಲ ಇಲ್ಲೇ. ಒಂದೇ ಬೋರ್ಡ್, ಒಳಗೆ ಬೇರೆ ಬೇರೆ ಲೋಕ.

ಮೊದಲನೆಯದು ಸಾಂಪ್ರದಾಯಿಕ ಥಾಯ್ ಮಸಾಜ್. ಎಣ್ಣೆಯಿಲ್ಲ, ಅವರು ಕೊಡುವ ಸಡಿಲ ಪೈಜಾಮ ತೊಟ್ಟು ನೆಲದ ಹಾಸಿಗೆ ಮೇಲೆ ಮಲಗಬೇಕು. 2019ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ವಾಟ್ ಫೋ ದೇವಾಲಯದ ಮಸಾಜ್ ಶಾಲೆ 1955ರಿಂದ ನಡೆಯುತ್ತಿದೆ. ಹೋಗುವ ಕ್ರಮ ಹೀಗೆ:

1. ಊಟವಾಗಿ ಒಂದೂವರೆ ಗಂಟೆಯಾದರೂ ಕಳೆದಿರಲಿ. ಕುಡಿದು ಹೋಗಬೇಡಿ: ಹೊಟ್ಟೆ ತೊಳಸುತ್ತದೆ, ನೋವು ಗೊತ್ತಾಗದೆ ಸ್ನಾಯು ಉಳುಕುತ್ತದೆ.
2. ದರಪಟ್ಟಿ ಹೊರಗೇ ಇರುತ್ತದೆ. ಒಂದು ಗಂಟೆಯಲ್ಲಿ ಕಾಲಿನಿಂದ ತಲೆಯವರೆಗೆ ಬರುವಷ್ಟರಲ್ಲಿ ಸಮಯ ಮುಗಿಯುತ್ತದೆ, 90 ನಿಮಿಷ ಸರಿಯಾದ ಅಳತೆ.
3. ಕಾಲು ತೊಳೆಯುವಾಗಲೇ ತೊಂದರೆಗಳನ್ನು ಹೇಳಿ. ಬೈಕಿನಲ್ಲಿ ಘಾಟಿ ರಸ್ತೆ ಓಡಾಡಿ ಸೊಂಟದ ಡಿಸ್ಕ್ ಜಾರಿದವರು, ಬಿಪಿ ಇರುವವರು, ಕಾಲಿನ ನರ ಉಬ್ಬಿದವರು ಆ ಜಾಗ ತೋರಿಸಿ ‘ನೋ’ ಎನ್ನಬೇಕು. ಡಿಸ್ಕ್ ತೊಂದರೆಯವರು ಬೆನ್ನ ಮೇಲೆ ಹತ್ತುವುದು, ಸೊಂಟ ತಿರುಚುವುದು ಎರಡನ್ನೂ ಬೇಡವೆನ್ನಿ.
4. ನಾಲ್ಕು ಮಾತು ಸಾಕು: ‘ಬಾವ್ ಬಾವ್’ ಎಂದರೆ ಮೆಲ್ಲಗೆ, ‘ನಾಕ್’ ಎಂದರೆ ಜೋರಾಗಿ, ‘ಜೆಪ್’ ನೋವು, ‘ಮಾಯ್ ಆವ್’ ಬೇಡ. ನೋವನ್ನು ಸಹಿಸಿಕೊಂಡರೆ ಲಾಭವಿಲ್ಲ, ಮರುದಿನ ಮೈ ಕೀಲುಕೀಲು ನೋಯುತ್ತದೆ.
5. ಮುಗಿದ ಮೇಲೆ ಒಂದು ಗಂಟೆಗೆ 50ರಿಂದ 100 ಬಾತ್ ಟಿಪ್ಸ್, ಮಸಾಜ್ ಮಾಡಿದವರ ಕೈಗೇ. ಕೌಂಟರಿನ ದರದಲ್ಲಿ ಅವರ ಪಾಲು ಸಣ್ಣದು.

ಎರಡನೆಯದು ಎಣ್ಣೆ ಮಸಾಜ್, ಸ್ಪಾ. ದರ ಗಂಟೆಗೆ 400ರಿಂದ 600 ಬಾತ್, ದೊಡ್ಡ ಸ್ಪಾಗಳಲ್ಲಿ ಅದಕ್ಕೂ ಹೆಚ್ಚು. ಕಾಗದದ ಒಳಉಡುಪು ಕೊಡುತ್ತಾರೆ.

ಈ ಎರಡೂ ಕಡೆ ಬೇರೇನನ್ನೂ ಕೇಳಬೇಡಿ, ಸನ್ನೆಯನ್ನೂ ಮಾಡಬೇಡಿ. ಬಾಗಿಲ ಗಾಜಿನೊಳಗೆ ಕೂತು ಕೆಲಸ ಮಾಡುವ ಹೆಂಗಸರೂ ಗಂಡಸರೂ ಕಲಿತ ಕಸುಬಿನ ಜನ. ‘ಸ್ಪೆಷಲ್ ಇದೆಯಾ’ ಎಂಬ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿಸಿಕೊಂಡು ರೋಸಿಹೋಗಿರುತ್ತಾರೆ.

ಮೂರನೆಯದು ಗಂಡಸರಿಗಾಗಿ ಗಂಡಸರೇ ನಡೆಸುವ ಮಸಾಜ್ ಮನೆಗಳು. ಸುರವೋಂಗ್, ಸೀಲೋಮ್ ಗಲ್ಲಿಗಳಲ್ಲಿ ಇವು ಹಲವು. ರಿಸೆಪ್ಷನ್‌ನಲ್ಲಿ ಕೂತವರಲ್ಲಿ ಅಥವಾ ಫೋಟೋ ಪುಸ್ತಕದಲ್ಲಿ ಒಬ್ಬರನ್ನು ಆರಿಸಿಕೊಳ್ಳುವ ಪದ್ಧತಿ. ಇಲ್ಲಿ ದುಡ್ಡು ಎರಡು ಭಾಗ: ಅಂಗಡಿಗೆ ಕೊಡುವ ದರ ಒಂದು, ಮಸಾಜ್ ಮಾಡುವವರಿಗೆ ಕೊಡುವ ಟಿಪ್ಸ್ ಇನ್ನೊಂದು. ಬೋರ್ಡಿನ ಮೇಲೆ 600 ಇದ್ದು ಕನಿಷ್ಠ ಟಿಪ್ಸ್ 1,000 ಎಂಬ ಸಾಲು ಕೆಳಗೆ ಸಣ್ಣಕ್ಷರದಲ್ಲಿರುವುದು ಮಾಮೂಲು. ಆ ಸಾಲನ್ನು ಓದದೆ 600ಕ್ಕೆ ಎಲ್ಲ ಮುಗಿಯಿತು ಎಂದುಕೊಂಡು ಹೋದವರಿಗೂ ಮಸಾಜ್ ಮಾಡಿದವರಿಗೂ ಕೊನೆಯಲ್ಲಿ ಜಗಳ. ಆದ್ದರಿಂದ ಕೌಂಟರಿನಲ್ಲೇ ಕೇಳಿ: ‘ಎಷ್ಟು ನಿಮಿಷ? ಅಂಗಡಿಗೆ ಎಷ್ಟು? ಬರೀ ಮಸಾಜ್ ಸಾಕು, ಟಿಪ್ಸ್ ಎಷ್ಟು?’ ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುತ್ತಾರೆ. ಹೆಚ್ಚೆನಿಸಿದರೆ ಕೈ ಮುಗಿದು ಹೊರಬನ್ನಿ, ಯಾರೂ ತಡೆಯುವುದಿಲ್ಲ.

ದುಡ್ಡಿಗೆ ಲೈಂಗಿಕ ಸೇವೆ ಥಾಯ್ಲೆಂಡಿನಲ್ಲಿ 1996ರ ಕಾಯ್ದೆಯ ಪ್ರಕಾರ ಅಪರಾಧ. ಕಣ್ಣೆದುರು ನಡೆಯುತ್ತದೆ ಎಂಬ ಮಾತ್ರಕ್ಕೆ ಕಾನೂನುಬದ್ಧ ಎಂದುಕೊಳ್ಳಬೇಡಿ, ಪೊಲೀಸ್ ದಾಳಿಯಾದರೆ ವಿದೇಶಿಯರಿಗೆ ವಿನಾಯಿತಿಯಿಲ್ಲ. ಕೋಣೆಯೊಳಗೆ ಏನಾದರೂ ಪ್ರಸ್ತಾಪ ಬಂದು ನಿಮಗೆ ಬೇಡವಾದರೆ ‘ಮಾಯ್ ಆವ್ ಖ್ರಾಪ್’ ಎಂದು ನಗುತ್ತಲೇ ಹೇಳಿ, ಅಲ್ಲಿಗೆ ಮುಗಿಯಿತು. ಹಾಗೆಯೇ ಎದುರಿನವರು ಬೇಡವೆಂದರೆ ಅದೂ ಅಲ್ಲಿಗೇ ಮುಗಿಯಬೇಕು, ದುಡ್ಡು ಕೊಟ್ಟಿದ್ದೇನೆ ಎಂಬ ಮಾತು ಬರಬಾರದು. ವಯಸ್ಸಿನ ಬಗ್ಗೆ ಎಳ್ಳಷ್ಟು ಅನುಮಾನ ಬಂದರೂ ತಕ್ಷಣ ಎದ್ದು ಹೊರಬನ್ನಿ. 18ರೊಳಗಿನವರ ಶೋಷಣೆಗೆ ಅಲ್ಲಿ ಕಠಿಣ ಸೆರೆವಾಸವಿದೆ, ಭಾರತೀಯ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧಕ್ಕೆ ಇಲ್ಲಿನ ಕಾನೂನೂ ಅನ್ವಯಿಸುತ್ತದೆ.

ಬಟ್ಟೆ, ಪರ್ಸ್ ಇರುವ ಬುಟ್ಟಿಯನ್ನು ಕಣ್ಣಿಗೆ ಕಾಣುವಲ್ಲಿ ಇಡಿಸಿ. ಫೋಟೋ ತೆಗೆಯಬೇಡಿ. ಸ್ನಾನಕ್ಕೆ ಹೋಗುವಾಗ ಮೊಬೈಲ್ ಲಾಕರಿಗೆ ಹಾಕಿ ಕೀಲಿ ಕೈಗೆ ಕಟ್ಟಿಕೊಳ್ಳಿ.

ಆ್ಯಪ್, ಪೊಲೀಸ್, ಮಾದಕ ವಸ್ತು

ಗೇ ಗಂಡಸರ ಪರಿಚಯದ ಆ್ಯಪ್‌ಗಳಾದ ಗ್ರೈಂಡರ್, ಹಾರ್ನೆಟ್ ಎರಡೂ ಅಲ್ಲಿ ನಡೆಯುತ್ತವೆ. ಮೊದಲ ಭೇಟಿ ಕಾಫಿ ಅಂಗಡಿಯಲ್ಲಾಗಲಿ. ದುಡ್ಡಿನ ನಿರೀಕ್ಷೆ ಇರುವವರು ಸಾಮಾನ್ಯವಾಗಿ ಮೊದಲೇ ಹೇಳುತ್ತಾರೆ, ಹೇಳದಿದ್ದರೆ ನೀವೇ ಕೇಳಿ. ಊರಿಗೆ ಹಿಂದಿರುಗುವ ಮೊದಲು ಪ್ರೊಫೈಲಿನ ಮುಖದ ಫೋಟೋ ತೆಗೆದುಬಿಡಿ. ದೂರ ತೋರಿಸುವ ಆ್ಯಪ್‌ನಲ್ಲಿ ಬ್ಯಾಂಕಾಕಿನ ನೆಮ್ಮದಿಯಲ್ಲಿ ಹಾಕಿದ ಫೋಟೋ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಬೇರೆಯವರ ಕೈಗೆ ಸಿಕ್ಕು ಬೆದರಿಕೆಗೆ ಬಳಕೆಯಾಗಬಹುದು.

ಇ-ಸಿಗರೇಟ್ ಥಾಯ್ಲೆಂಡಿನಲ್ಲಿ ನಿಷಿದ್ಧ, ರಸ್ತೆ ಬದಿ ಮಾರುತ್ತಿದ್ದರೂ ಸರಿಯೆ. ಗಾಂಜಾ 2022ರಲ್ಲಿ ಸಡಿಲವಾಗಿತ್ತು, 2025ರ ಜೂನ್‌ನಲ್ಲಿ ಮತ್ತೆ ವೈದ್ಯರ ಚೀಟಿಗೆ ಕಟ್ಟಿಹಾಕಿದರು. ‘ಐಸ್’ ಎಂದು ಕರೆಯುವ ಮೆಥ್ ಮುಂತಾದ ಮಾದಕ ವಸ್ತುಗಳು ಖಾಸಗಿ ಪಾರ್ಟಿಗಳಲ್ಲಿ ಓಡಾಡುತ್ತವೆ. ಪೊಲೀಸರು ರಾತ್ರಿ ರಸ್ತೆಯಲ್ಲಿ ತಡೆದು ಜೇಬು ನೋಡುವುದು, ಮೂತ್ರ ಪರೀಕ್ಷೆ ಮಾಡಿಸುವುದು ಉಂಟು. ಅಂಥ ಕೋಣೆಯಿಂದ ಬೇಗ ಹೊರಡಿ. ನಿಮ್ಮ ಲೋಟವನ್ನು ಮೇಜಿನ ಮೇಲೆ ಬಿಟ್ಟು ಕುಣಿಯಲು ಹೋದರೆ, ಮರಳಿ ಬಂದು ಅದನ್ನೇ ಕುಡಿಯಬೇಡಿ, ಹೊಸದು ತರಿಸಿ.

ಪಾಸ್‌ಪೋರ್ಟ್ ಕಳೆದರೆ: ಹತ್ತಿರದ ಠಾಣೆಯಲ್ಲಿ ದೂರು, ಅದರ ಪ್ರತಿ ಹಿಡಿದು ಸುಖುಮ್‌ವಿಟ್ ಸೋಯ್ 23ರ ಭಾರತೀಯ ರಾಯಭಾರ ಕಚೇರಿ, ಅಲ್ಲಿ ತುರ್ತು ಪ್ರಮಾಣಪತ್ರ. ಆಂಬುಲೆನ್ಸ್ 1669. ಪ್ರಯಾಣ ವಿಮೆ ಕೊಳ್ಳುವಾಗ ಕುಡಿದ ಸ್ಥಿತಿಯ ಅಪಘಾತಕ್ಕೆ ಹಣ ಕೊಡುವುದಿಲ್ಲ ಎಂಬ ಷರತ್ತು ಹೆಚ್ಚಿನದರಲ್ಲಿ ಇರುತ್ತದೆ, ಓದಿಕೊಳ್ಳಿ.

ಆರೋಗ್ಯ

ಹೊರಡುವ ಮೊದಲೇ ಪ್ರೆಪ್ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಇದು ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ. ದಿನವೂ ಒಂದರಂತೆ ಏಳು ದಿನ ತೆಗೆದುಕೊಂಡ ಮೇಲೆ ಗರಿಷ್ಠ ರಕ್ಷಣೆ ಬರುತ್ತದೆ, ಆಮೇಲೂ ದಿನವೂ ಮುಂದುವರಿಸಬೇಕು. ಗಂಡಸರಿಗೆ ಇನ್ನೊಂದು ಕ್ರಮವೂ ಇದೆ: ಸಂಪರ್ಕಕ್ಕೆ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಆ ಎರಡು ಮಾತ್ರೆ ನುಂಗಿದ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಶುರು ಮಾಡುವ ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಮೂತ್ರಪಿಂಡದ ಪರೀಕ್ಷೆ ಬೇಕು. ಹೆಪಟೈಟಿಸ್ ಬಿ ಇದ್ದವರು ಎರಡನೇ ಕ್ರಮ ಅನುಸರಿಸಬಾರದು, ಮಾತ್ರೆ ನಿಲ್ಲಿಸಿದಾಗ ಯಕೃತ್ತಿಗೆ ತೊಂದರೆಯಾಗಬಹುದು. ಪ್ರೆಪ್ ಸಿಫಿಲಿಸ್, ಗೊನೊರಿಯಾ ತಡೆಯದು, ಆದ್ದರಿಂದ ಕಾಂಡೋಮ್ ಬೇಕೇ ಬೇಕು. ಜೊತೆಗೆ ನೀರಿನ ಅಥವಾ ಸಿಲಿಕೋನ್ ಆಧಾರದ ಜೆಲ್. ಕೊಬ್ಬರಿ ಎಣ್ಣೆ, ಮಸಾಜ್ ಎಣ್ಣೆ ತಗುಲಿದರೆ ಲ್ಯಾಟೆಕ್ಸ್ ಕಾಂಡೋಮ್ ಹರಿಯುತ್ತದೆ.

ಕಾಂಡೋಮ್ ಹರಿಯಿತು, ಏನೋ ಎಡವಟ್ಟಾಯಿತು ಎಂದರೆ 72 ಗಂಟೆಯೊಳಗೆ ಪೆಪ್ (ಸೋಂಕು ತಗುಲಿರಬಹುದಾದ ಮೇಲೆ ಎಚ್‌ಐವಿ ತಡೆಯಲು ನುಂಗುವ ಮಾತ್ರೆ) ಶುರುವಾಗಬೇಕು, ಮೊದಲ ದಿನವೇ ಆದರೆ ಉತ್ತಮ, 28 ದಿನ ನುಂಗಬೇಕು. ಊರಿಗೆ ಹೋಗಿ ನೋಡೋಣ ಎಂದು ಕಾಯಬೇಡಿ. ರಾಚದಮ್ರಿ ರಸ್ತೆಯ ಥಾಯ್ ರೆಡ್‌ಕ್ರಾಸ್ ಅನಾಮಧೇಯ ಕ್ಲಿನಿಕ್ 1991ರಿಂದ ಹೆಸರು ಕೇಳದೆ ಪರೀಕ್ಷೆ ಮಾಡುತ್ತಿದೆ, ಸೀಲೋಮ್‌ನಿಂದ ದೂರವಿಲ್ಲ. ಸೀಲೋಮ್‌ನಲ್ಲೇ ಗೇ ಗಂಡಸರ ಆರೋಗ್ಯಕ್ಕೆಂದೇ ಇರುವ ಖಾಸಗಿ ಕ್ಲಿನಿಕ್‌ಗಳೂ ಇವೆ, ದರ ಹೆಚ್ಚು, ಕಾಯುವುದು ಕಡಿಮೆ.

ವಾಪಸ್ ಬರುವಾಗ

ಬ್ಯಾಂಕಾಕಿನಿಂದ ಬರುವ ವಿಮಾನಗಳ ಮೇಲೆ ಬೆಂಗಳೂರು ಕಸ್ಟಮ್ಸ್ ಕಣ್ಣು ವಿಶೇಷವಾಗಿ ಇರುತ್ತದೆ, ಹೈಡ್ರೋ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಗಾಂಜಾ) ಸಾಗಣೆ ಈ ದಾರಿಯಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿರುವುದೇ ಕಾರಣ. ಅಲ್ಲಿ ಗೆಳೆಯರಾದವರು ‘ಬೆಂಗಳೂರಲ್ಲಿ ನಮ್ಮವರಿಗೆ ಕೊಟ್ಟುಬಿಡಿ’ ಎಂದು ಚಾಕೊಲೇಟ್ ಡಬ್ಬಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಬ್ಯಾಗನ್ನು ನೀವೇ ತುಂಬಿ, ನೀವೇ ಬೀಗ ಹಾಕಿ. ಕಾಂಡೋಮ್, ಪ್ರೆಪ್ ಮಾತ್ರೆ ಸಿಕ್ಕರೆ ಯಾರೂ ಏನೂ ಮಾಡುವಂತಿಲ್ಲ, ವೈದ್ಯರ ಚೀಟಿ ಜೊತೆಗಿದ್ದರೆ ಪ್ರಶ್ನೆಯೂ ಬರದು.

ಉಳಿದ ಬಾತ್ ನೋಟುಗಳನ್ನು ಅಲ್ಲೇ ನೆಲಮಾಳಿಗೆಯ ಅಂಗಡಿಯಲ್ಲಿ ಬದಲಿಸಿಕೊಳ್ಳಿ, ಊರಿನಲ್ಲಿ ಅವನ್ನು ಕೊಳ್ಳುವವರು ಸಿಗುವುದಿಲ್ಲ. ನಾಣ್ಯ ಯಾರೂ ಬದಲಿಸರು, ಕೊನೆಯ ದಿನದ ಊಟಕ್ಕೆ ಮುಗಿಸಿ. ಕಾರ್ಡಿನ ವಿದೇಶಿ ಬಳಕೆಯನ್ನು ಬೆಂಗಳೂರಿನಲ್ಲಿ ಇಳಿದ ಕೂಡಲೇ ಆ್ಯಪ್‌ನಲ್ಲಿ ಮುಚ್ಚಿ. ಮೊಬೈಲ್ ಫೋಟೋಗಳು ಮನೆಯವರ ಜೊತೆ ಹಂಚಿಕೊಂಡ ಗೂಗಲ್ ಖಾತೆಗೆ ತಾನಾಗಿ ಏರುತ್ತಿಲ್ಲವೇ ಎಂಬುದನ್ನು ಹೊರಡುವ ಮೊದಲೇ ನೋಡಿರಬೇಕಿತ್ತು, ನೋಡಿಲ್ಲವಾದರೆ ಮೆಜೆಸ್ಟಿಕ್‌ನಲ್ಲಿ ಶಿವಮೊಗ್ಗದ ಬಸ್ ಹತ್ತುವ ಮುನ್ನ ನೋಡಿ.

ಆರು ವಾರಕ್ಕೆ ಒಂದು ಎಚ್‌ಐವಿ ಪರೀಕ್ಷೆ, ಮೂರು ತಿಂಗಳಿಗೆ ಇನ್ನೊಂದು, ಜೊತೆಗೆ ಸಿಫಿಲಿಸ್ ಪರೀಕ್ಷೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಫಲಿತಾಂಶ ಗುಟ್ಟಾಗಿಡುವುದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಡಿ ಅವರ ಕರ್ತವ್ಯ. ಅಲ್ಲಿ ಗುರುತಿನವರು ಸಿಗುತ್ತಾರೆಂಬ ಅಳುಕಿದ್ದರೆ ದಾವಣಗೆರೆಯಲ್ಲೋ ಮಂಗಳೂರಿನಲ್ಲೋ ಮಾಡಿಸಿ, ಯಾವ ಜಿಲ್ಲೆಯವರು ಎಲ್ಲಿ ಬೇಕಾದರೂ ಮಾಡಿಸಬಹುದು. ಹತ್ತಿರದ ಕೇಂದ್ರ ಯಾವುದೆಂದು ತಿಳಿಯಲು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಆ ಕರೆಗೆ ದುಡ್ಡು ಬೀಳುವುದಿಲ್ಲ.